ಚೇತನಕುಮಾರನ ತಿರುಗುವ ಠಿಕಾಣಿ

ಪೇಢೆ ಹಂಚುವವನು ಯಾತಕ್ಕೆ ಹಂಚುತ್ತಿದ್ದೇನೆ ಎಂಬುದನ್ನು ಪೂರ್ತಿ ಬಾಯಿಬಿಟ್ಟು ಹೇಳಿಯೇ ಹಂಚಬೇಕು ಎಂದು ಸರಕಾರ ಒಂದು ಕಾಯ್ದೆ ಮಾಡಬೇಕಾಗಿತ್ತು. ಮಾಡಲಿಲ್ಲ. ಹಾಗಾಗಿ ನನ್ನ ಅಕ್ಕ ಶಂಕ್ರೆವ್ವನ ಮಗ ಚೇತನಕುಮಾರ, ತಾನು ಗುಮಾಸ್ತನಾಗಿರುವ ಇಂಡಿ ಊರಿನ ನಿಂಬೆಹಣ್ಣಿನ ಅಡತಿ ಅಂಗಡಿಯಲ್ಲಿ, ತಾಂಬಾದ ತನ್ನ ಓಣಿಯಲ್ಲಿ, ಕೊನೆಗೆ ನಾನು ಕಂಡಕ್ಟರಾಗಿರುವ ಇಂಡಿ–ಸಿಂದಗಿ ಬಸ್ಸಿನಲ್ಲೂ ಪೇಢೆ ಹಂಚಿ, ಅರ್ಧ ಮಾತು ಹೇಳಿ, ಇನ್ನರ್ಧ ನುಂಗಿಬಿಟ್ಟ. ಆ ನುಂಗಿದ ಅರ್ಧ ಅವನಿಗೆ ಅರಗಿತು. ಸಿಕ್ಕಿಕೊಂಡದ್ದು ನನ್ನ ಗಂಟಲಲ್ಲಿ.

"ಏನಪಾ ಸಾವ್ಕಾರ, ಏನ್ ವಿಶೇಷ?" ಎಂದು ನಾನು ಕೇಳಿದ್ದು ನಿಜ. ಕೇಳಬಾರದಿತ್ತು.

"ಸ್ವಂತದ್ದು ತಗೊಂಡೆ ಮಾವಾ," ಅಂದ.

"ಏನ್ ತಗೊಂಡಿ? ಕಾರೇನು?"

"ಕಾರ್ ಏನ್ ಹಚ್ಚೀರಿ ಮಾವಾ. ಹತ್ತಿಪ್ಪತ್ತು ಗಾಡಿ ಅದರೊಳಗ ನಿಂದರ್ತಾವ. ಒಂದ್ ಕಡೆ ಇರಂಗಿಲ್ಲ, ಎಲ್ಲಿ ಬೇಕಾದಲ್ಲಿ ತಿರಗತೈತಿ. ಮಂದಿ ಪಗಾರಕ್ಕ ಅದಾರ."

ಬಸ್ಸು ತುಂಬಿತ್ತು. ಹೆಣ್ಣುಮಕ್ಕಳ ಆಧಾರ ಕಾರ್ಡು ನೋಡಿ ಬಿಟ್ಟಿ ಟಿಕೆಟ್ ಕೊಡುವುದರಲ್ಲಿ ನನಗೆ ಉಸಿರಾಡಲು ಪುರಸತ್ತಿರಲಿಲ್ಲ. ಪೇಢೆ ಬಾಯಿಗೆ ಹಾಕಿಕೊಂಡು "ಚಲೋ ಆತು" ಅಂದೆ. ನನ್ನ ಹಿಂದೆ ನಿಂತವರೂ ಚಲೋ ಆತು ಅಂದರು. ಏನು ಚಲೋ ಆಯಿತು ಎಂದು ಯಾರಿಗೂ ಗೊತ್ತಿರಲಿಲ್ಲ.

ನನಗೆ ತಡವಾಗಿ ತಿಳಿದದ್ದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ನಾನು ಪಟ್ಟ ಪಾಡು ನೀವು ಪಡುವುದು ಬೇಡ. ಚೇತನಕುಮಾರ ಕೊಂಡದ್ದು ಕಂಪ್ಯೂಟರ್ ಗೇಮಿನೊಳಗಿನ ಒಂದು ವಸ್ತು. ಆ ಗೇಮು ನಡೆಯುವುದು ಅಂತರಿಕ್ಷದಲ್ಲಿ. ಅಲ್ಲಿ ಎಲ್ಲರಿಗೂ ಒಂದೊಂದು ಸಣ್ಣ ಹಡಗು ಇರುತ್ತದೆ. ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವುದು, ಕಲ್ಲು ಒಡೆದು ಅದಿರು ತೆಗೆಯುವುದು, ಮಾರುವುದು. ಸಣ್ಣ ಹಡಗಿನ ಎಣ್ಣೆ ಬೇಗ ಮುಗಿಯುತ್ತದೆ, ದುರಸ್ತಿಗೆ ದೂರದ ಊರಿಗೆ ತಿರುಗಿ ಬರಬೇಕು. ಅದಕ್ಕೆ ಕೆಲವರು ವರ್ಷಗಟ್ಟಲೆ ಕಲ್ಲು ಒಡೆದು ಒಂದು ದೊಡ್ಡ ತಿರುಗುವ ಠಿಕಾಣಿ, ಅಂದರೆ ತಂಗುದಾಣವೇ ಆದ ಹಡಗು, ಕೊಳ್ಳುತ್ತಾರೆ; ಇವನು ಕೊಂಡದ್ದು ಅದನ್ನೇ. ಸ್ನೇಹಿತರ ಹಡಗುಗಳೆಲ್ಲ ಅದರ ಹೊಟ್ಟೆಯಲ್ಲಿ ನಿಲ್ಲುತ್ತವೆ. ಅದು ಎಲ್ಲರನ್ನೂ ಹೊತ್ತುಕೊಂಡು ಹೋಗುತ್ತದೆ. ಆದರೆ ಅದರಲ್ಲಿ ಕೆಲಸಗಾರರಿದ್ದಾರೆ, ಅವರಿಗೆ ವಾರವಾರ ಪಗಾರ. ಎಣ್ಣೆ ಮಾಲೀಕನದೇ. ನಿಂತಲ್ಲೇ ನಿಂತರೂ ಖರ್ಚು. ಖರ್ಚು ಕಟ್ಟದಿದ್ದರೆ ಜಪ್ತಿ. ಇಷ್ಟೆಲ್ಲ ಗೇಮಿನ ಹಣದಲ್ಲೇ ನಡೆಯುವುದಾದರೂ ಆ ಹಣ ದುಡಿಯಲು ನಿಜವಾದ ನಿದ್ದೆಗೆಡಬೇಕು. ಅದನ್ನು ಇಟ್ಟುಕೊಳ್ಳುವುದು ಲಾಭವೋ ಲುಕ್ಸಾನೋ ಎಂದು ಅವನ ಗೆಳೆಯರ ಗುಂಪಿನಲ್ಲಿ ದಿನಾ ಜಗಳವಂತೆ. ಬಸವನ ಬಾಗೇವಾಡಿಯ ಪರಶು ಎಂಬಾತ "ಬಿಳಿಯಾನಿ ಸಾಕ್ಯಾನ" ಎಂದು ಗೇಲಿ ಮಾಡುತ್ತಿದ್ದನಂತೆ. ಮಾಡಿ, ತನ್ನ ಹಡಗನ್ನು ಅದರಲ್ಲೇ ನಿಲ್ಲಿಸುತ್ತಿದ್ದನಂತೆ.

ಇದನ್ನು ಬಸ್ಸಿನಲ್ಲೇ ಹೇಳಿದ್ದರೆ ಎರಡು ನಿಮಿಷ ನಕ್ಕು ಮುಗಿಯುತ್ತಿತ್ತು. ಹೇಳಲಿಲ್ಲ ಯಾಕೆಂದರೆ ಆಗ ಅವನ ಲಗ್ನದ ಮಾತು ನಡೆದಿತ್ತು. ಹುಡುಗನಿಗೆ ಇಪ್ಪತ್ತೊಂಬತ್ತು. ಕನ್ಯೆ ಸಿಗುವುದು ನಮ್ಮ ಕಡೆ ಎಷ್ಟು ಕಷ್ಟವಾಗಿದೆ ಎಂದು ಗಂಡು ಹೆತ್ತವರನ್ನು ಕೇಳಿ. ಸಾಲಾಗಿ ಐದಾರು ಮನೆಯವರು "ಅಡತಿ ಅಂಗಡಿ ಗುಮಾಸ್ತನೇನು" ಎಂದು ಚಹಾ ಕುಡಿದು ಎದ್ದುಹೋಗಿದ್ದರು. ಕೊನೆಗೆ ಸಿಂದಗಿಯ ಬಟ್ಟೆ ಅಂಗಡಿ ಪರಪ್ಪನವರ ಮಗಳು ವಿಜಯಲಕ್ಷ್ಮಿಯನ್ನು ನಾನೇ ಮುಂದೆ ನಿಂತು ತೋರಿಸಿದ್ದೆ. ಅಲ್ಲಿನ ಒಂದು ದವಾಖಾನೆಯಲ್ಲಿ ನರ್ಸು. ನೋಡಿ ಬಂದ ಮೇಲೆ ಚೇತನಕುಮಾರ ಬಸ್ಸಿನ ಕಿಟಕಿ ಕಡೆ ಮುಖ ಮಾಡಿ ತಾಂಬಾ ಬರುವತನಕ ಸುಮ್ಮನೆ ನಗುತ್ತಿದ್ದ. ಇಂಥ ಹೊತ್ತಿನಲ್ಲಿ ಗೇಮಿನ ಮಾತು ಆಡಿದರೆ ಸಂಬಂಧ ಕೈಬಿಟ್ಟೀತು ಎಂಬ ಬುದ್ಧಿ ಅವನಿಗಿತ್ತು. ಹಾಗಿದ್ದರೆ ಪೇಢೆ ಯಾಕೆ ಹಂಚಬೇಕಿತ್ತು ಎಂಬ ಬುದ್ಧಿ ಇರಲಿಲ್ಲ.

ಮರುದಿನ ಬೆಳಿಗ್ಗೆ ತಾಂಬಾ ಸ್ಟ್ಯಾಂಡಿನಲ್ಲಿ ನನ್ನ ಅಕ್ಕ ಬಸ್ಸಿಗೆ ಅಡ್ಡ ನಿಂತಿದ್ದಳು. ಕೈ ಮಾಡಿ ನಿಲ್ಲಿಸುವುದು ಬೇರೆ. ಆಕೆ ರಸ್ತೆಯ ನಡುವೆ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು.

"ಮಡಿವಾಳ, ಇಳಿ ಕೆಳಗ," ಅಂದಳು.

"ಅಕ್ಕಾ, ಬಸ್ ಐತಿ. ಮಂದಿ ಅದಾರ."

"ಬಸ್ ಹಾಳಾಗಿ ಹೋಗ್ಲಿ. ಇಲ್ಲಿ ನನ್ನ ಮನಿ ಹಾಳಾಗೈತಿ. ಅಂವ ನಾಟಕ ಕಂಪನಿ ತಗದಾನ."

ನಾನು ಇಳಿದೆ. ನನ್ನ ಜೊತೆ ಅರ್ಧ ಬಸ್ಸೂ ಇಳಿಯಿತು.

"ಯಾರ್ ಹೇಳಿದ್ರು ನಿನಗ?" ಎಂದು ಕೇಳಿದೆ.

"ಯಾರ್ ಯಾಕ ಹೇಳಬೇಕು? ಇದs ಕಿವಿಲೆ ಕೇಳೇನಿ. ಖೋಲಿ ಬಾಗಲಾ ಹಾಕ್ಕೊಂಡು ಫೋನಿನ್ಯಾಗ ಹೇಳಾಕತ್ತಿದ್ದ. ಮಂದೀದು ವಾರದ ಪಗಾರ ಕೊಡಬೇಕು, ನಿಂತ್ರೂ ಖರ್ಚು, ನಡದ್ರೂ ಖರ್ಚು, ಇಲ್ಲಿ ಇನ್ನ ಏನೂ ಹುಟ್ಟಂಗಿಲ್ಲ, ಎಲ್ಲಾರ್ನೂ ಹೇರ್ಕೊಂಡು ಮುಂದಿನ ಕಡೆ ನಡೀರಿ ಅಂತ. ನಾಟಕ ಕಂಪನಿ ಅಲ್ದ ಮತ್ತೇನೋ ಇದು? ನೀನs ಹೇಳು."

ನೀವು ನಗಬಹುದು. ಬೆಂಗಳೂರಿನವರಾದರೆ ಸರ್ಕಸ್ ಎನ್ನುತ್ತಿದ್ದಿರಿ, ಇನ್ನೂ ಮೇಲಿನವರಾದರೆ ಸಾಫ್ಟ್‌ವೇರ್ ಎನ್ನುತ್ತಿದ್ದಿರಿ. ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆ ಮಂದಿಯನ್ನು ಪಗಾರಕ್ಕೆ ಇಟ್ಟುಕೊಂಡು, ಊರಿಂದೂರಿಗೆ ಕ್ಯಾಂಪ್ ಎತ್ತಿಕೊಂಡು, ನಿಂತರೂ ನಡೆದರೂ ಕೈ ಕಚ್ಚುವ ವಸ್ತು ಜಗತ್ತಿನಲ್ಲಿ ಒಂದೇ ಒಂದು. ಓಣಿಗೊಬ್ಬನಾದರೂ ಅದನ್ನು ಕಟ್ಟಿ ಹೊಲ ಕಳೆದಿದ್ದಾನೆ. ಅಕ್ಕನ ಗಂಡನ ಅಣ್ಣ ಎರಿಹೊಲವನ್ನೆಲ್ಲ ಕಂಪನಿಗೆ ಸುರಿದು, ಕೊನೆಗೆ ಬಾಕಿಗೆ ಅಂಜಿ ಪರದೆ ಹೊಲಿದ ದರ್ಜಿಯ ಮನೆಯ ಮುಂದೆ ಹಾಯುವುದನ್ನೇ ಬಿಟ್ಟಿದ್ದ. ಹಾಗಾಗಿ ಆಕೆ ಹೇಳಿದ್ದನ್ನು ನಾನೂ ನಂಬಿದೆ. ನಂಬಬಾರದು ಎನ್ನುವುದಕ್ಕೆ ನನ್ನ ಬಳಿ ಒಂದು ಕಾರಣವೂ ಇರಲಿಲ್ಲ.

"ಕಂಪನಿ ಮುಚ್ಚೂತನಕ ನಾ ಊಟಾ ಮಾಡಂಗಿಲ್ಲ," ಎಂದು ಅಕ್ಕ ಬಸ್ಸಿನ ಪ್ರಯಾಣಿಕರ ಸಮಕ್ಷಮ ಪ್ರತಿಜ್ಞೆ ಮಾಡಿದಳು. ಡ್ರೈವರ್ ಹಾರ್ನ್ ಬಾರಿಸಿದ. ಬಸ್ಸು ಸಿಂದಗಿ ಮುಟ್ಟುವಷ್ಟರಲ್ಲಿ ಸುದ್ದಿ ನಮಗಿಂತ ಮುಂಚೆ ಮುಟ್ಟಿತ್ತು. ಮೊಬೈಲ್ ಬಂದ ಮೇಲೆ ಬಸ್ಸಿನಲ್ಲಿ ಸುದ್ದಿ ಒಯ್ಯುವ ಕೆಲಸವೂ ನಮಗೆ ಉಳಿದಿಲ್ಲ.

ಅಲ್ಲಿಂದ ನನ್ನ ಬಾಳು ಹದಗೆಟ್ಟಿತು. ತಿರುಗಿ ಬರುವ ಟ್ರಿಪ್ಪಿನಲ್ಲಿ ತಾಂಬಾದ ದಾವಲಮಲಿಕ ಹಾರ್ಮೋನಿಯಂ ಪೆಟ್ಟಿಗೆ ಸಮೇತ ಹತ್ತಿದ. ಲಗ್ನಗಳಲ್ಲಿ ಬಾರಿಸುವವನು. ಲಗೇಜ್ ಟಿಕೆಟ್ ತಗೊ ಎಂದೆ.

"ಕಂಪನಿ ಪೆಟಿಗೀಗೆ ಲಗೇಜ್ ಏನ್ರಿ ಮಾವಾರs? ಇನ್ನ ಇದು ಮನೀದs ಆತಲ್ರಿ," ಅಂದ.

"ಯಾವ ಕಂಪನಿ?"

"ಹ್ಹೆಹ್ಹೆ, ಮಾಲಕರ ಸ್ವಾದರಮಾವ ನೀವು. ನಿಮಗ ಗೊತ್ತಿರಲಾರದ್ದೇನ್ರಿ. ಪೇಟಿ ಮಾಸ್ತರ ಅಂತ ನನ್ನ ಹೆಸರು ಹಚ್ಚಿಬಿಡ್ರಿ ಸಾಕು."

ಅವನ ಹಿಂದೆ ರೋಷನಬಿ. ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ಕರಿಯುವಾಕೆ. ಕಂಪನಿ ಎಲ್ಲಿ ಕ್ಯಾಂಪ್ ಹಾಕಿದರೂ ಗೇಟಿನ ಬಲಗಡೆಯ ಜಾಗ ತನಗೇ ಬೇಕು, ಎಡಗಡೆ ಬ್ಯಾಡ, ಎಡಗಡೆ ಹೊಗೆ ಬೀಳುತ್ತದೆ ಎಂದು ಈಗಲೇ ಕರಾರು ಮಾಡಿದಳು. ಅವಳ ಹಿಂದೆ ಬೀಟ್ ಪೊಲೀಸ್ ಸುಭಾಸ. ಸಿವಿಲ್ ಡ್ರೆಸ್ಸಿನಲ್ಲಿದ್ದ. ನನ್ನ ಪಕ್ಕದ ಸೀಟಿನಲ್ಲಿ ಕುಳಿತು ಬಹಳ ಹೊತ್ತು ಕೆಮ್ಮಿ, "ಮೈಕ್ ಪರ್ಮಿಷನ್ ಇಲ್ದ ಹಚ್ಚಬ್ಯಾಡ್ರಿ ಮತ್ತ," ಅಂದ. ಆಮೇಲೆ ಧ್ವನಿ ತಗ್ಗಿಸಿ, "ಹಾಸ್ಯ ಪಾರ್ಟ್ ಖಾಲಿ ಇದ್ರ ಹೇಳ್ರಿ. ಟ್ರೇನಿಂಗಿನ್ಯಾಗ ಎಲ್ಲಾರ್ನೂ ನಗಸ್ತಿದ್ದೆ," ಎಂದ. ಅವನ ಮುಖದಲ್ಲಿ ನಗೆಯ ಲವಲೇಶವೂ ಇರಲಿಲ್ಲ.

ನಾನು ಡ್ಯೂಟಿ ಮುಗಿಸಿ ನೇರ ಇಂಡಿಯ ಅಡತಿ ಅಂಗಡಿಗೆ ಹೋದೆ. ಚೇತನಕುಮಾರ ನಿಂಬೆಹಣ್ಣಿನ ಲಿಲಾವಿನ ಚೀಟಿ ಬರೆಯುತ್ತಿದ್ದ. ಅವನ ಅಂಗಿಯ ಕೊರಳಪಟ್ಟಿ ಹಿಡಿದು ಹಿಂದುಗಡೆ ಎಳೆದುಕೊಂಡು ಹೋದೆ.

"ನಿಮ್ಮವ್ವ ಉಪಾಸ ಕುಂತಾಳ. ಖರೇ ಹೇಳು, ಕಂಪನಿ ಎಲ್ಲೈತಿ?"

"ಯಾವ ಕಂಪನಿ ಮಾವಾ?"

"ನಾಟಕ ಕಂಪನಿ."

"ನಾಟಕ ಕಂಪನಿ ಯಾರ್ ತಗದಾರ?" ಎಂದು ನನ್ನನ್ನೇ ಕೇಳಿದ. ಅವನ ಮುಖ ನೋಡಿದರೆ ಸುಳ್ಳು ಹೇಳುವವನ ಮುಖವಲ್ಲ. ಸುಳ್ಳು ಹೇಳುವುದಕ್ಕೂ ಒಂದಿಷ್ಟು ಚುರುಕುತನ ಬೇಕು.

ಆಮೇಲೆ ಮೊಬೈಲ್ ತೆಗೆದು ಫೋಟೋ ತೋರಿಸಿದ. ಕಪ್ಪು ಕತ್ತಲೆಯಲ್ಲಿ ಉದ್ದನೆಯದೊಂದು ಕಬ್ಬಿಣದ ಹಡಗು, ಮೈತುಂಬ ದೀಪ. ಠಿಕಾಣಿ ಎಂದರೇನು, ಪಗಾರ ಯಾರಿಗೆ, ಎಣ್ಣೆ ಎಲ್ಲಿಂದ, ಎಲ್ಲ ಹೇಳಿದ. ಹೇಳುವಾಗ ಅವನ ಕಣ್ಣು ಅರಳಿದ್ದನ್ನು ನೋಡಿ ನನ್ನ ಸಿಟ್ಟು ಇನ್ನೂ ಏರಿತು.

"ಇದರಿಂದ ಏನ್ ಬರತೈತಿ ನಿನಗ?" ಎಂದೆ.

"ಬರೋದೇನಿಲ್ಲ ಮಾವಾ, ಹೋಗೋದs ಹೆಚ್ಚು."

"ಮತ್ತ ಯಾಕ ಇಟ್ಕೊಂಡಿ?"

"ನಮ್ಮ ಹುಡುಗರೆಲ್ಲಾ ಅದರಾಗs ಇರ್ತಾರ."

ತಲೆ ಚಚ್ಚಿಕೊಳ್ಳುವುದು ಒಂದು ಬಾಕಿ. ಆದರೂ ಒಳಗೊಳಗೆ ಸಮಾಧಾನವಾಯಿತು. ಹೊಲ ಉಳಿದಿದೆ, ಪರದೆ ಇಲ್ಲ, ದರ್ಜಿ ಇಲ್ಲ. ಅಕ್ಕನಿಗೆ ಹೇಳಿ ಊಟ ಮಾಡಿಸಿದರಾಯಿತು ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ನನ್ನ ಫೋನ್ ರಿಂಗಣಿಸಿತು. ಸಿಂದಗಿಯ ಪರಪ್ಪನವರು.

"ಮಡಿವಾಳಪ್ಪನವರs, ನೀವು ಇಂಥಾ ಮಾತು ಮುಚ್ಚಿಡಬಾರದಾಗಿತ್ರಿ," ಅಂದರು.

ಮುಗಿಯಿತು ಸಂಬಂಧ ಎಂದುಕೊಂಡೆ.

"ಹುಡುಗ ಬರೇ ಗುಮಾಸ್ತ ಅಂತ ನಾ ಹಿಂದ ಮುಂದ ನೋಡಾಕತ್ತಿದ್ದೆ. ಕಂಪನಿ ಮಾಲಕ ಅಂತ ಮೊದಲs ಹೇಳಬಾರದೇನ್ರಿ? ನಾ ವಯಸಿನ್ಯಾಗ ಮೂರು ಕಂಪನ್ಯಾಗ ಹೆಣ್ಣಿನ ಪಾರ್ಟ್ ಮಾಡೇನ್ರಿ. ನನಗ ಮಾಲಕ ಅಳಿಯ ಸಿಗ್ತಾನ ಅಂತ ಕನಸಿನ್ಯಾಗೂ ಅಂದಿದ್ದಿಲ್ಲ. ಐತವಾರ ಮನಿ ನೋಡಾಕ ಬರ್ತೇವಿ. ಹಂಗs ಕ್ಯಾಂಪ್ ನೋಡೋದು, ಲಗ್ನದ ಮಾತು ಗಟ್ಟಿ ಮಾಡೋದು."

ಫೋನ್ ಇಟ್ಟರು. ಚೇತನಕುಮಾರ ನನ್ನ ಮುಖ ನೋಡಿದ. ನಾನು ನಿಂಬೆಹಣ್ಣಿನ ರಾಶಿ ನೋಡಿದೆ. ಪರಿಸ್ಥಿತಿ ಹೀಗಿತ್ತು: ಕಂಪನಿ ಇದೆ ಎಂದರೆ ನನ್ನ ಅಕ್ಕ ಉಪವಾಸ ಸಾಯುತ್ತಾಳೆ. ಇಲ್ಲ ಎಂದರೆ ಲಗ್ನ ಸಾಯುತ್ತದೆ. ಗಂಡಿನ ಮನೆಗೆ ಹೆಣ್ಣಿನವರು ಮನಿ ನೋಡಲು ಬಂದಾಗ ಇಲ್ಲದ ಫ್ರಿಜ್ಜನ್ನು ನೆರೆಮನೆಯಿಂದ ತಂದಿಟ್ಟದ್ದು ಕೇಳಿದ್ದೇನೆ. ಇಲ್ಲದ ನಾಟಕ ಕಂಪನಿಯನ್ನು ಯಾರ ಮನೆಯಿಂದ ತರುವುದು?

ಕಡೆಗೆ ಅಕ್ಕನಿಗಾದರೂ ನಿಜ ಹೇಳೋಣವೆಂದು ತಾಂಬಾಕ್ಕೆ ಹೋದೆ. ಆಕೆ ಕಟ್ಟೆಯ ಮೇಲೆ ಬಾಯಿ ಒಣಗಿಸಿಕೊಂಡು ಕುಳಿತಿದ್ದಳು. ಊಟ ಮಾತ್ರ ಬಿಟ್ಟಿದ್ದಳು. ಚಹಾ, ಬಾಳೆಹಣ್ಣು, ಚುರುಮುರಿ ಪ್ರತಿಜ್ಞೆಯಲ್ಲಿ ಸೇರಿರಲಿಲ್ಲ. ಕಂಪ್ಯೂಟರ್, ಗೇಮು, ಠಿಕಾಣಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಪೂರ್ತಿ ಕೇಳಿದಳು.

"ಅಲ್ಲಾ, ಇಲ್ಲದ ಹಡಗದಾಗ ಇಲ್ಲದ ಮಂದಿಗೆ ಪಗಾರ ಕೊಡ್ತಾನಂತ. ಯಾರಿಗೆ ಹೇಳ್ತಿ ಮಡಿವಾಳ? ಅಂವ ನಿನ್ನೂ ಬಗಲಾಗ ಹಾಕ್ಕೊಂಡಾನ. ನಿನಗೇನು ಮ್ಯಾನೇಜರ್ ಮಾಡ್ತೇನಿ ಅಂದಾನೇನು?" ಎಂದು ನನ್ನ ಮೇಲೆಯೇ ತಿರುಗಿಬಿದ್ದಳು.

ಆಕೆಯನ್ನು ತಪ್ಪು ಎನ್ನುವಂತಿಲ್ಲ. ಸುಳ್ಳನ್ನು ಮಂದಿ ಒಂದೇ ಮಾತಿಗೆ ನಂಬಿದ್ದರು. ಖರೇ ಮಾತನ್ನು ನಾನು ಬಾಯಿ ನೋಯುವತನಕ ಹೇಳಿದರೂ ನನಗೇ ನಂಬಿಕೆ ಬರುತ್ತಿರಲಿಲ್ಲ.

ಐತವಾರ ಬಂತು. ಬರದಿರಲಿ ಎಂದು ನಾನು ಎಷ್ಟು ಬೇಡಿಕೊಂಡರೂ ಬಂತು. ಹನ್ನೊಂದರ ಸುಮಾರಿಗೆ ಓಣಿಯ ಮುಂದೆ ಒಂದು ಕ್ರೂಸರ್ ನಿಂತಿತು. ಪರಪ್ಪನವರು, ಅವರ ತಮ್ಮ, ಬೀಗರು, ಹಿರಿಯರು, ಹೆಣ್ಣುಮಕ್ಕಳು, ಇಳಿದೇ ಇಳಿದರು. ಪರಪ್ಪನವರು ಕಡಕ್ ಇಸ್ತ್ರಿಯ ಧೋತರ ಉಟ್ಟು, ಕೈಯಲ್ಲಿ ಶಾಲು, ತೆಂಗಿನಕಾಯಿ ಹಿಡಿದಿದ್ದರು. ನಡಿಗೆಯಲ್ಲೇ ಹಳೆಯ ಕಲಾವಿದರ ಠೀವಿ ಇತ್ತು. ಕರೆಯದೇ ಇದ್ದರೂ ದಾವಲಮಲಿಕ ಮೂಲೆಯಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಕುಳಿತಿದ್ದ. ಎಬ್ಬಿಸಲು ಹೋದರೆ "ಇರ್ಲಿ ಬಿಡ್ರಿ, ಕಳೆ ಬರತೈತಿ," ಎಂದರು ಪರಪ್ಪನವರೇ.

ಅವಲಕ್ಕಿ, ಚಹಾ ಆಯಿತು. ಮನೆ ಯಾರೂ ನೋಡಲಿಲ್ಲ. ಪರಪ್ಪನವರು ಶಾಲು ಬಿಚ್ಚಿ ಚೇತನಕುಮಾರನ ಹೆಗಲಿಗೆ ಹೊದಿಸಿ, "ಮಾಲಕರು," ಎಂದು ಕೈಮುಗಿದರು. ನನ್ನ ಸೋದರಳಿಯ ನನ್ನನ್ನು ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಕ್ಯಾಂಪ್ ಈಗ ಯಾವ ಊರಾಗ ಐತ್ರಿ?" ಪರಪ್ಪನವರು ಕೇಳಿದರು.

"ಭಾಳ ದೂರ ಐತ್ರಿ," ಅಂದ ಚೇತನಕುಮಾರ. ಅದು ನಿಜವೇ.

"ಎಷ್ಟು ಮಂದಿ?"

ಅವನು ಉತ್ತರ ಹೇಳುವ ಮೊದಲೇ ನನ್ನ ಅಕ್ಕ ಅಡಿಗೆಮನೆಯಿಂದ ಹೊರಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. "ಬೀಗರ, ಒಂದ ಮಾತು. ಕಂಪನಿ ಮುಚ್ಚಿದ್ರ ಲಗ್ನ. ಇಲ್ಲಂದ್ರ ಇಲ್ಲ."

ಪರಪ್ಪನವರ ಹುಬ್ಬು ಮೇಲೇರಿತು. "ಏನ್ ಮಾತಂತ ಆಡ್ತೀರಿ ಯವ್ವಾ? ಕಂಪನಿ ಇದ್ರs ಲಗ್ನ. ಮುಚ್ಚಿದ್ರ ನಾ ಮಗಳನ್ನ ಗುಮಾಸ್ತಗ ಯಾಕ ಕೊಡಲಿ?"

"ನನ್ನ ಮನಿತನಾ ಹಾಳ್ ಮಾಡಿದ್ದs ಕಂಪನಿ."

"ನಡಸಾಕ ಬರಲಾರದವರು ಹಾಳ್ ಮಾಡ್ಕೊಂಡಾರ. ಕಲೆಗೆ ಯಾಕ ಅಂತೀರಿ?"

ಎರಡೂ ಕಡೆಯ ಹಿರಿಯರು ಧ್ವನಿ ಏರಿಸಿದರು. ಒಬ್ಬರು ಲಗ್ನ ಮುರಿಯುವ ಮಾತಾಡಿದರು, ಇನ್ನೊಬ್ಬರು ಮುರಿಯುವುದಾದರೆ ಊಟ ಮಾಡಿ ಮುರಿಯೋಣ ಎಂದರು. ಆಗ ಚೇತನಕುಮಾರ ಎದ್ದು ನಿಂತ. ಶಾಲು ತೆಗೆದು ಮಡಿಸಿ ಪರಪ್ಪನವರ ಮುಂದೆ ಇಟ್ಟ.

"ಯಾವ ಕಂಪನೀನೂ ಇಲ್ರಿ," ಅಂದ. "ನಾ ಹೇಳೇನಿ ಅಂತನೂ ಅಲ್ರಿ. ನೀವೆಲ್ಲಾ ಅಂದ್ರಿ, ನಾ ಸುಮ್ಮನಿದ್ದೆ. ವಿಜಯಲಕ್ಷ್ಮಿ ಅವರು ಕೈ ತಪ್ಪಿ ಹೋದ್ರ ಅಂತ ಅಂಜಿ ಸುಮ್ಮನಿದ್ದೆ. ತಪ್ಪಾತ್ರಿ. ಇರೋದು ಇಷ್ಟರಿ."

ಲ್ಯಾಪ್‌ಟಾಪ್ ತಂದು ಚಹಾದ ಕಪ್ಪು ಸರಿಸಿ ನಡುವೆ ಇಟ್ಟ. ಎಲ್ಲರೂ ಬಗ್ಗಿ ನೋಡಿದರು. ಕತ್ತಲೆ, ಚುಕ್ಕೆ, ನಡುವೆ ಅವನ ಠಿಕಾಣಿ. ಅವನು ಹೇಳಿದ, ಅವರು ಕೇಳಿದರು. ಕೇಳುತ್ತ ಕೇಳುತ್ತ ಪರಪ್ಪನವರ ಬೆನ್ನು ಬಾಗಿತು.

"ಅಂದ್ರ ಇದು ಹುಡುಗರು ಆಡೋದು," ಎಂದರು.

"ಹೌದ್ರಿ."

"ಇದರಾಗ ಯಾರೂ ಇಲ್ಲ."

"ಕೆಲಸದವರು ಖರೇ ಮಂದಿ ಅಲ್ರಿ. ನನ್ನ ಗೆಳ್ಯಾರು ಮಾತ್ರ ಖರೇ ಅದಾರ."

ನನ್ನ ಅಕ್ಕ ಒಳಗೆ ಓಡಿದಳು. ಸಕ್ಕರೆ ಡಬ್ಬಿ ತಂದು ಎಲ್ಲರ ಕೈಯಲ್ಲೂ ಒಂದೊಂದು ಚಿಟಿಕೆ ಹಾಕಿದಳು. "ನನ್ನ ಮಗಾ ಬರೇ ಹುಚ್ಚ ಅದಾನ, ಕಂಪನಿ ತಗದಿಲ್ಲ," ಎಂದು ಕಣ್ಣೊರೆಸಿಕೊಂಡಳು. ಪರಪ್ಪನವರು ಸಕ್ಕರೆಯನ್ನು ಕೈಯಲ್ಲೇ ಹಿಡಿದುಕೊಂಡು ಎದ್ದರು. ಇಪ್ಪತ್ತೊಂಬತ್ತು ವರ್ಷದ ಗಂಡಸು ಹುಡುಗರ ಗೇಮಿಗೆ ಪೇಢೆ ಹಂಚಿದ್ದನ್ನು ಅವರಿಗೆ ತಾಳಲಾಗಲಿಲ್ಲ. "ನಡೀರಿ," ಎಂದು ತಮ್ಮವರಿಗೆ ಹೇಳಿದರು. ಬಾಗಿಲಲ್ಲಿ ಒಂದು ಕಾಲಿಗೆ ಚಪ್ಪಲಿ ಹಾಕಿದರು.

ಆಗ ಲ್ಯಾಪ್‌ಟಾಪ್ ಮಾತಾಡಿತು.

"ಅಣ್ಣಾ, ಅದೀಯೇನು?" ಎಂಬ ದನಿ. ಬಸವನ ಬಾಗೇವಾಡಿಯ ಪರಶು. "ಎಣ್ಣಿ ಪೂರಾ ಮುಗದೈತಿ ಅಣ್ಣಾ. ಒಬ್ಬನs ನಿಂತೇನಿ. ಸುತ್ತ ಏನೂ ಇಲ್ಲ. ಗಾಳಿ ಸೈತ ಮುಗ್ಯಾಕ ಬಂದೈತಿ. ಎಲ್ಲಾ ಅದಿರು ಇದರಾಗs ಐತಿ."

ಚೇತನಕುಮಾರ ಬಾಗಿಲ ಕಡೆ ನೋಡಿದ, ಲ್ಯಾಪ್‌ಟಾಪಿನ ಕಡೆ ನೋಡಿದ. ಆಮೇಲೆ ನನ್ನ ವಂಶದಲ್ಲಿ ಇದುವರೆಗೆ ಯಾರೂ ಮಾಡದ ಕೆಲಸ ಮಾಡಿದ. ಸಂಬಂಧ ಮುರಿದು ಹೋಗುತ್ತಿರುವ ಬೀಗರಿಗೆ, "ಒಂದ ಹದಿನೈದು ನಿಮಿಷ ಕುಂದರ್ರಿ, ಬಂದೆ," ಅಂದ.

"ಏ ಹುಚ್ಚಪ್ಪಾ," ನಾನು ಹಲ್ಲು ಕಡಿದೆ, "ಇಲ್ಲಿ ಲಗ್ನಾ ಮುರದ್ ಹೊಂಟೈತಿ."

"ಗೊತ್ತೈತಿ ಮಾವಾ. ಆದ್ರ ನನ್ನ ಠಿಕಾಣಿ ಐತಿ ಅಂತ ನಂಬಿ ಅಂವ ಅಷ್ಟು ದೂರ ಹೋಗ್ಯಾನ," ಎನ್ನುತ್ತ ಬಟನ್ ಒತ್ತತೊಡಗಿದ. ಆ ಠಿಕಾಣಿಗೆ ಒಂದು ಕಡೆಯಿಂದ ಇನ್ನೊಂದು ಕಡೆ ಹೋಗಲು ಒತ್ತಿದ ಮೇಲೆ ಹದಿನೈದು ನಿಮಿಷ ತಯಾರಿ ಬೇಕಂತೆ. ನಮ್ಮ ಬಸ್ಸೇ ವಾಸಿ.

ಪರಪ್ಪನವರು ಹೋಗಬೇಕಾಗಿತ್ತು. ಹೋಗಲಿಲ್ಲ. ಒಂದು ಕಾಲಲ್ಲಿ ಚಪ್ಪಲಿ ಹಾಕಿಕೊಂಡೇ ಬಾಗಿಲಲ್ಲಿ ನಿಂತರು. ಪರಶು ಆ ಕಡೆಯಿಂದ "ಬಂದ್ಯಾ?" ಎನ್ನುವುದು, ಇವನು "ಬರಾಕತ್ತೇನಿ, ಅಂಜಬ್ಯಾಡ, ದೀಪಾ ಆರಿಸಿ ಕುಂದ್ರು, ಕರೆಂಟ್ ಉಳಿತೈತಿ," ಎನ್ನುವುದು. ಸ್ವಲ್ಪ ಹೊತ್ತಿಗೆ ಹಿರಿಯರು ಒಬ್ಬೊಬ್ಬರಾಗಿ ಮತ್ತೆ ಜಮಖಾನೆಯ ಮೇಲೆ ಕುಳಿತರು. ಹೆಣ್ಣುಮಕ್ಕಳು ಮುಂದೆ ಸರಿದರು. ಪರದೆ ಏಳುವ ಮುಂಚಿನ ಮೌನ. ದಾವಲಮಲಿಕನಿಗೆ ಅಭ್ಯಾಸಬಲ, ಮೆತ್ತಗೆ ಒಂದು ಸ್ವರ ಹಿಡಿದ. ಅಕ್ಕ ಕೆಕ್ಕರಿಸಿದ ಮೇಲೆ ನಿಲ್ಲಿಸಿದ.

"ಅಂವ ಯಾರು ನಿನಗ?" ಪರಪ್ಪನವರು ಬಾಗಿಲಿಂದಲೇ ಕೇಳಿದರು.

"ಯಾರೂ ಅಲ್ರಿ. ಮುಖಾಮುಖಿ ನೋಡಿಲ್ರಿ."

"ನೀ ಹೋಗದಿದ್ರ ಏನಾಗತೈತಿ?"

"ನನಗೇನೂ ಆಗಂಗಿಲ್ರಿ. ಅಂವನ ದುಡಿತ ಹೋಗತೈತಿ."

ಠಿಕಾಣಿ ಹಾರಿತು. ಲ್ಯಾಪ್‌ಟಾಪು ಗುಡುಗಿತು, ಚಹಾದ ಕಪ್ಪುಗಳು ನಡುಗಿದವು. ಬೇರೆ ಚುಕ್ಕೆಗಳ ನಡುವೆ ಅದು ನಿಂತಿತು. ದೂರದಿಂದ ಒಂದು ಸಣ್ಣ ದೀಪ ತೂರಾಡುತ್ತ ಬಂದು ಅದರ ಹೊಟ್ಟೆಯೊಳಗೆ ಇಳಿಯಿತು. "ಮುಟ್ಟಿದೆ ಅಣ್ಣಾ," ಎಂದ ಪರಶು. ಅವನ ದನಿ ಒಂಥರಾ ಆಗಿತ್ತು. ಬೀಗರ ಕಡೆಯ ಮುದುಕರೊಬ್ಬರು ಚಪ್ಪಾಳೆ ತಟ್ಟಿಬಿಟ್ಟರು.

ಪರಪ್ಪನವರು ಚಪ್ಪಲಿ ಬಿಟ್ಟು ಒಳಗೆ ಬಂದು ಕುಳಿತರು. ಕೈಯೊಳಗಿನ ಸಕ್ಕರೆ ಕರಗಿತ್ತು.

"ಮುದ್ದೇಬಿಹಾಳದಾಗ ನಮ್ಮ ಕ್ಯಾಂಪ್ ಇತ್ತು," ಎಂದರು, ಯಾರಿಗೆ ಎಂದು ಹೇಳದೆ. "ಟಿಕೀಟಿನ ಗಲ್ಲಾ ಬೀಳಲಿಲ್ಲ. ಮಾಲಕ ಟ್ರಂಕು, ತಂಬು ಎಲ್ಲಾ ಹೇರ್ಕೊಂಡು ಹೇಳಲಾರ್ದ ಓಡಿ ಹೋದ. ನನ್ನ ಅಂಗಿ ಧೋತರ ಆ ಟ್ರಂಕಿನ್ಯಾಗ. ನಾ ಪಾರ್ಟಿನ ಸೀರಿ ಮ್ಯಾಲ ಇದ್ದೆ. ಒಂದ್ ಗಾಡ್ಯಾವರೂ ಹತ್ತಿಸ್ಕೊಳ್ಳಲಿಲ್ಲ. ಅದs ಸೀರಿ ಮ್ಯಾಲ ಸಿಂದಗಿಗೆ ಬಂದೆ. ನಮ್ಮಪ್ಪ ಗುರ್ತ ಹಿಡಿಯದ, ಮುಂದ ಹೋಗವಾ ಅಂದ."

ಯಾರೂ ನಗಲಿಲ್ಲ. ನನಗೆ ನಗು ಬಂದಿತ್ತು, ತಡೆದುಕೊಂಡೆ.

"ಅಂಥಾ ಮಾಲಕಗ ಮಗಳನ್ನ ಕೊಡಾಕ ಶಾಲು ತಗೊಂಡ್ ಬಂದಿದ್ದೆ, ನೋಡ್ರಿ ನನ್ನ ಬುದ್ಧಿ," ಎಂದು ಶಾಲನ್ನು ಎತ್ತಿ ಮತ್ತೆ ಚೇತನಕುಮಾರನ ಹೆಗಲಿಗೆ ಹಾಕಿದರು. "ಗುಮಾಸ್ತ ಆದ್ರ ಆಗ್ಲಿ. ಇದನ್ನ ಮಾರಬ್ಯಾಡ. ಲಗ್ನ ಗಟ್ಟಿ."

ಹೀಗೆ ಒಂದು ಗಳಿಗೆಯಲ್ಲಿ ಎಲ್ಲರೂ ಎಲ್ಲವನ್ನೂ ಒಪ್ಪಿಬಿಟ್ಟರು. ಅಕ್ಕ ಹೋಳಿಗೆಗೆ ಕಣಕ ಕಲಸಲು ಎದ್ದಳು. ಪರಪ್ಪನವರು ಹಿಗ್ಗಿನಿಂದ ಮಗಳಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಮೇಲೆ ಹಾಕಿದರು. ಕಂಪನಿ ಇಲ್ಲದ್ದು, ಠಿಕಾಣಿ ಇದ್ದದ್ದು, ಪರಶು ಉಳಿದದ್ದು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿ, "ನಾ ಹೂಂ ಅಂದೇನವಾ," ಎಂದು ಮುಗಿಸಿದರು.

"ನೀವು ಹೂಂ ಅಂದ್ರಿ, ಆತು," ಎಂದಳು ವಿಜಯಲಕ್ಷ್ಮಿ. "ನನ್ನ ಯಾರೂ ಕೇಳಿಲ್ಲ. ಅವರ ಕಡೆ ಕೊಡ್ರಿ ಫೋನ್."

ನಮಗೆ ಯಾರಿಗೂ ಆ ಮಾತು ಹೊಳೆದಿರಲಿಲ್ಲ. ಉಪವಾಸ ಕುಳಿತವಳು ಒಬ್ಬಳು, ಶಾಲು ತಂದವರು ಒಬ್ಬರು, ನಡುವೆ ಅಲೆದು ಹೈರಾಣಾದವನು ನಾನು. ಲಗ್ನ ಮಾತ್ರ ಆಕೆಯದು. ಚೇತನಕುಮಾರ ಎರಡೂ ಕೈಯಲ್ಲಿ ಫೋನ್ ಹಿಡಿದ.

"ಹೇಳ್ರಿ," ಅಂದ.

"ನಿಮ್ಮ ಠಿಕಾಣಿ ಇರ್ಲಿರಿ, ನಾ ಏನೂ ಅನ್ನಂಗಿಲ್ಲ. ಲಗ್ನಾದ ಮ್ಯಾಲೂ ನಾ ಸಿಂದಗಿಗೆ ಡ್ಯೂಟಿಗೆ ಹೋಗಿ ಬರಾಕಿ. ನನ್ನ ಸ್ಕೂಟಿ ಐತ್ರಿ, ನನ್ನ ಪಗಾರದಾಗ ತಗೊಂಡದ್ದು. ನಿಮ್ಮ ಮನ್ಯಾಗ ಅದನ್ನ ನೆಳ್ಳಿಗೆ ಎಲ್ಲಿ ನಿಂದರ್ಸಬೇಕ್ರಿ?"

ಚೇತನಕುಮಾರ ಸುತ್ತ ನೋಡಿದ. ನಾವೂ ನೋಡಿದೆವು. ಮನಿ ನೋಡಲು ಬಂದವರು ಆಗ ಮೊದಲ ಸಲ ಮನೆ ನೋಡಿದರು. ಬಾಗಿಲಿನ ಬಲಕ್ಕೆ ಅವನು ಅಂಗಡಿಯಿಂದ ಯಾವುದಕ್ಕೋ ಬಂದೀತೆಂದು ತಂದು ಒಟ್ಟಿದ ನಿಂಬೆಹಣ್ಣಿನ ಖಾಲಿ ಡಬ್ಬಿಗಳು ತೊಲೆಯವರೆಗೆ. ಎಡಕ್ಕೆ ಜೋಳದ ಚೀಲ, ಮುರಿದ ಮಂಚ, ಕೆಟ್ಟ ಮೋಟರು. ಅವನ ಸ್ವಂತ ಬೈಕೇ ಬೀದಿಯ ಬಿಸಿಲಲ್ಲಿ ನಿಂತಿತ್ತು. ಆ ಮನೆಯಲ್ಲಿ ಒಂದು ಸೈಕಲ್ ನಿಲ್ಲಿಸಲೂ ಜಾಗವಿರಲಿಲ್ಲ.

"ಒಂದ್ ನಿಮಿಷ್ರಿ," ಎಂದು ಫೋನನ್ನು ನನ್ನ ಕೈಗೆ ಕೊಟ್ಟ. ಹೆಗಲ ಶಾಲನ್ನು ಸೊಂಟಕ್ಕೆ ಬಿಗಿದುಕೊಂಡ. ಡಬ್ಬಿಗಳ ರಾಶಿಯ ಮೇಲಿನಿಂದ ಎರಡನ್ನು ಇಳಿಸಿ ಹೊರಗೆ ಒಯ್ದ. ತಿರುಗಿ ಬಂದು ಮತ್ತೆರಡು ಒಯ್ದ. "ಅಣ್ಣಾ, ಮುಂದ ಯಾ ಕಡೆ ಹೋಗೋಣು?" ಎಂದು ಲ್ಯಾಪ್‌ಟಾಪು ಕೇಳಿತು. ಅವನು ತಿರುಗಿ ನೋಡಲಿಲ್ಲ. ಪರಪ್ಪನವರು ಧೋತರ ಮೇಲೆ ಕಟ್ಟಿ ಕೆಟ್ಟ ಮೋಟರಿಗೆ ಕೈ ಹಾಕಿದರು. ದಾವಲಮಲಿಕ ಜೋಳದ ಚೀಲ ಎಳೆದ. ಕಣಕದ ಕೈಯಲ್ಲೇ ಓಡಿಬಂದ ಅಕ್ಕ, "ಆ ಕಡೆ ಬ್ಯಾಡೋ, ಮಧ್ಯಾಹ್ನ ಬಿಸಲು ಬೀಳತೈತಿ, ಈ ಕಡೆ ಮಾಡು," ಎಂದು ಕೂಗಿದಳು.

"ಮಾವಾ," ಎಂದಳು ವಿಜಯಲಕ್ಷ್ಮಿ ಫೋನಿನಲ್ಲಿ. "ಏನ್ ಸಪ್ಪಳರಿ ಅದು?"

ನಾನು ಹೊರಗೆ ನೋಡಿದೆ. ಮೈತುಂಬ ಧೂಳು ಬಡಿದುಕೊಂಡು, ಶಾಲಿನ ಸತ್ಯಾನಾಶ ಮಾಡಿಕೊಂಡು, ಆ ಹುಚ್ಚ ಓಡೋಡಿ ಮತ್ತೆ ಒಳಗೆ ಬರುತ್ತಿದ್ದ.

"ಜಾಗಾ ಮಾಡಾಕತ್ತಾನವಾ," ಅಂದೆ.